ದಿಲ್ಲಿಯ ದೀನಬಂಧು: ಸಿ. ಎಫ್. ಆಂಡ್ರೂಸ್

ದಕ್ಷಿಣ ದಿಲ್ಲಿಯ ಆಂಡ್ರೂಸ್ ಗಂಜ್ ಬಡಾವಣೆಯ ಹೆಸರನ್ನು ಕೇಳದ ದಿಲ್ಲಿ ಕನ್ನಡಿಗರು ವಿರಳ. ಲೋದಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಗೆ ಅದು ಬಹು ದೂರವೂ ಅಲ್ಲ. ಆದರೆ ಆ ಆಂಡ್ರೂಸ್ ಯಾರು, ಎಷ್ಟೋ ಆಂಗ್ಲರ ಹೆಸರುಗಳನ್ನು ತನ್ನ ಬೀದಿಗಳಿಂದ ಅಳಿಸಿಹಾಕಿದ ಈ ರಾಜಧಾನಿ ಒಬ್ಬ ಆಂಗ್ಲ ಪಾದ್ರಿಯ ಹೆಸರನ್ನು ಏಕೆ ಪ್ರೀತಿಯಿಂದ ಇಟ್ಟುಕೊಂಡಿದೆ ಎಂದು ನಮ್ಮ ಮಕ್ಕಳು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಆ ಮಹನೀಯರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕನ್ನಡಿಗರಿಗೆ ಪಾದ್ರಿಗಳ ಪರಿಚಯ ಹೊಸದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಬೃಹತ್ ನಿಘಂಟನ್ನು ನಮ್ಮ ಕೈಯಲ್ಲಿಟ್ಟ ಫರ್ಡಿನಂಡ್ ಕಿಟೆಲ್, ಇವರ ಋಣವನ್ನು ನಾವು ಮರೆತಿಲ್ಲ. ಮತವನ್ನು ಸಾರಲು ಬಂದು, ಬಂದ ನಾಡಿನ ಭಾಷೆಗೆ ತಮ್ಮನ್ನು ತೆತ್ತುಕೊಂಡವರು ಅವರು. ಆಂಡ್ರೂಸರು ತಮ್ಮನ್ನು ತೆತ್ತುಕೊಂಡದ್ದು ಭಾಷೆಗಲ್ಲ, ದಿಕ್ಕಿಲ್ಲದ ಜನಕ್ಕೆ. ಧರ್ಮಗುರುವಾದವನ ಶೀಲವೆಂದರೇನು, ಅದನ್ನು ಕಾಪಾಡಿಕೊಳ್ಳುವುದಕ್ಕೆ ತೆರಬೇಕಾದ ಬೆಲೆಯೇನು ಎಂಬ ಪ್ರಶ್ನೆಗೆ ಅವರ ಬಾಳೇ ಒಂದು ಉತ್ತರ.

ಚಾರ್ಲ್ಸ್ ಫ್ರೀಯರ್ ಆಂಡ್ರೂಸರು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ 1871ನೆಯ ಇಸವಿ ಫೆಬ್ರವರಿ 12ರಂದು ಜನಿಸಿದರು. ಬೆಳೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ತಂದೆ ಒಂದು ಸಣ್ಣ ಕ್ರೈಸ್ತ ಪಂಗಡದ ಗುರುಗಳು. ಮನೆ ತುಂಬ ಮಕ್ಕಳು. ಚಾರ್ಲ್ಸ್ ಇನ್ನೂ ಹುಡುಗನಾಗಿದ್ದಾಗ ಆ ಮನೆಯ ಮೇಲೆ ಒಂದು ಸಿಡಿಲು ಬಿತ್ತು. ತಾಯಿಯ ಪಾಲಿಗೆ ಬಂದಿದ್ದ ಹಣವನ್ನು ನೋಡಿಕೊಳ್ಳುವ ಹೊಣೆ ಒಬ್ಬ ಕುಟುಂಬಮಿತ್ರನದಾಗಿತ್ತು. ಆತ ಅದನ್ನು ಸಟ್ಟಾ ವ್ಯಾಪಾರಕ್ಕೆ ಹಾಕಿ ಕಳೆದುಬಿಟ್ಟ. ಒಂದೇ ದಿನದಲ್ಲಿ ಸಂಸಾರ ಬಡತನಕ್ಕೆ ಇಳಿಯಿತು. ಬ್ಯಾಂಕಿನಲ್ಲಿ ದುಡಿಯುವ ನಮಗೆ, ಒಬ್ಬರ ಹಣ ಇನ್ನೊಬ್ಬರ ಕೈಯಲ್ಲಿ ನಂಬಿಕೆಯ ಮೇಲೆ ಇರುವುದೆಂದರೆ ಏನೆಂಬುದೂ, ಆ ನಂಬಿಕೆ ಮುರಿದಾಗ ಮನುಷ್ಯರು ಆಡುವ ಮಾತು ಎಂಥದೆಂಬುದೂ ತಿಳಿದದ್ದೇ. ಆದರೆ ಆ ತಂದೆ ಆ ದಿನ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಪ್ರಾರ್ಥಿಸಿದ್ದು ಹಣ ಮರಳಿ ಬರಲೆಂದಲ್ಲ. ತಪ್ಪು ಮಾಡಿದ ಸ್ನೇಹಿತನ ಮನಸ್ಸಿಗೆ ಶಾಂತಿ ದೊರೆಯಲೆಂದು. ಹುಡುಗನ ಎದೆಯಲ್ಲಿ ಈ ಪ್ರಸಂಗ ಅಚ್ಚೊತ್ತಿ ನಿಂತಿತು. ಮುಂದೆ ಆಂಡ್ರೂಸರು ಹಣದ ವಿಷಯದಲ್ಲಿ ತೋರಿದ ನಿರ್ಲಿಪ್ತತೆಯ ಬೇರು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ವಿದ್ಯಾರ್ಥಿವೇತನದ ಬಲದಿಂದ ಓದಿ, 1890ರಲ್ಲಿ ಅವರು ಕೇಂಬ್ರಿಜ್ಜಿನ ಪೆಂಬ್ರೋಕ್ ಕಾಲೇಜನ್ನು ಸೇರಿದರು. ಅಲ್ಲಿ ಅಧ್ಯಯನದೊಂದಿಗೆ ಆತ್ಮಶೋಧನೆಯೂ ನಡೆಯಿತು. ತಂದೆಯ ಪಂಗಡದ ನಂಬಿಕೆಗಳು ತಮ್ಮವಾಗಿ ಉಳಿದಿಲ್ಲವೆಂಬುದು ಮನಗಂಡಾಗ, ಪ್ರೀತಿಯ ತಂದೆಗೆ ನೋವಾಗುವುದೆಂದು ತಿಳಿದೂ ಅದನ್ನು ಮುಚ್ಚಿಡದೆ ಇಂಗ್ಲೆಂಡಿನ ರಾಜಮಾನ್ಯ ಚರ್ಚನ್ನು ಸೇರಿದರು. 1896ರಲ್ಲಿ ದಕ್ಷಿಣ ಲಂಡನ್ನಿನ ವಾಲ್ವರ್ತ್ ಎಂಬ ಬಡವರ ಕೇರಿಯಲ್ಲಿ ತಮ್ಮ ಕಾಲೇಜಿನ ಸೇವಾಕೇಂದ್ರದ ಹೊಣೆ ಹೊತ್ತರು. 1897ರಲ್ಲಿ ಗುರುದೀಕ್ಷೆ ಪಡೆದರು. ತಮ್ಮ ಆಪ್ತಮಿತ್ರ ಬೇಸಿಲ್ ವೆಸ್ಟ್‌ಕಾಟ್ ದಿಲ್ಲಿಯಲ್ಲಿ ಸೇವೆ ಮಾಡುತ್ತ 1900ರಲ್ಲಿ ಕಾಲರಾಕ್ಕೆ ಬಲಿಯಾದ ಸುದ್ದಿ ಬಂದಾಗ, ಆ ತೆರವಾದ ಸ್ಥಾನ ತಮ್ಮನ್ನು ಕರೆಯುತ್ತಿದೆಯೆಂದು ಅವರಿಗೆ ಅನಿಸಿತು. 1904ರ ಮಾರ್ಚ್ 20ರಂದು ದಿಲ್ಲಿಗೆ ಬಂದಿಳಿದರು. ಆ ದಿನವನ್ನು ಅವರು ಜೀವಮಾನವಿಡೀ ತಮ್ಮ ಎರಡನೆಯ ಹುಟ್ಟುಹಬ್ಬವೆಂದು ಎಣಿಸುತ್ತಿದ್ದರು.

ಆಗಿನ ದಿಲ್ಲಿ ಇನ್ನೂ ರಾಜಧಾನಿಯಾಗಿರಲಿಲ್ಲ. 1881ರಲ್ಲಿ ಸ್ಥಾಪಿತವಾದ ಸೇಂಟ್ ಸ್ಟೀಫನ್ಸ್ ಕಾಲೇಜು ಆಗ ಕಾಶ್ಮೀರಿ ಗೇಟಿನ ಬಳಿ ಇತ್ತು. ಆಂಡ್ರೂಸರು ಅಲ್ಲಿ ಅಧ್ಯಾಪಕರಾದರು. ಅಲ್ಲಿಯ ಉಪಪ್ರಾಂಶುಪಾಲರು ಸುಶೀಲ್ ಕುಮಾರ್ ರುದ್ರ ಎಂಬ ಬಂಗಾಳಿ ಕ್ರೈಸ್ತರು. ಮಿತಭಾಷಿ, ಗಂಭೀರ, ಪ್ರಾಮಾಣಿಕ. ಆಂಡ್ರೂಸರು ಭಾರತವನ್ನು ಮೊದಲು ಕಂಡದ್ದು ಈ ಮಿತ್ರನ ಕಣ್ಣುಗಳಿಂದ. ದಿಲ್ಲಿಯ ಹಳೆಯ ತಲೆಮಾರಿನ ಮುನ್ಷಿ ಜಕಾವುಲ್ಲಾರಂಥ ಮುಸಲ್ಮಾನ ವಿದ್ವಾಂಸರ ಸಹವಾಸವೂ ಅವರಿಗೆ ದೊರೆಯಿತು. ಆ ಪೂಜ್ಯರ ಜೀವನಚರಿತ್ರೆಯನ್ನು ಅವರು ಮುಂದೆ ತಾವೇ ಬರೆದರು. ಕಲಿಸಲು ಬಂದವರು ಹೀಗೆ ಕಲಿಯಲು ಕುಳಿತರು.

1906ರಲ್ಲಿ ಪ್ರಾಂಶುಪಾಲರ ಸ್ಥಾನ ತೆರವಾಯಿತು. ಯೋಗ್ಯತೆಯಿಂದಲೂ ಅನುಭವದಿಂದಲೂ ಅದು ರುದ್ರರಿಗೆ ಸಲ್ಲಬೇಕಾದದ್ದು. ಆದರೆ ಭಾರತೀಯನೊಬ್ಬನ ಕೈಕೆಳಗೆ ಆಂಗ್ಲ ಅಧ್ಯಾಪಕರು ಕೆಲಸಮಾಡುವುದೆಂದರೆ ಅಂದಿನ ದಿನದಲ್ಲಿ ಕಲ್ಪನೆಗೆ ಮೀರಿದ ಮಾತು. ಚರ್ಚಿನ ಮೇಲಧಿಕಾರಿಗಳಲ್ಲಿ ಆಂಗ್ಲರೇ ಬೇಕೆಂಬ ಒಲವಿತ್ತು. ಕಣ್ಣಿಗೆ ಬಿದ್ದ ಆಂಗ್ಲರು ಆಂಡ್ರೂಸರೇ. ದೀಕ್ಷೆ ಪಡೆದ ಪಾದ್ರಿ, ಕೇಂಬ್ರಿಜ್ಜಿನ ಪದವೀಧರ, ಮೂವತ್ತೈದರ ಹರೆಯ. ಒಪ್ಪಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ; ಸೇವೆಗೆ ಇನ್ನೂ ದೊಡ್ಡ ಅವಕಾಶ ದೊರೆಯಿತೆಂದು ಮನಸ್ಸನ್ನು ಒಪ್ಪಿಸಿಕೊಳ್ಳುವುದೂ ಕಷ್ಟವಿರಲಿಲ್ಲ. ಆಂಡ್ರೂಸರು ಹಾಗೆ ಮಾಡಲಿಲ್ಲ. ಬಣ್ಣದ ಕಾರಣಕ್ಕಾಗಿ ರುದ್ರರನ್ನು ಬದಿಗೆ ಸರಿಸುವುದಾದರೆ ತಾವೂ ಕಾಲೇಜಿನಲ್ಲಿ ಉಳಿಯುವುದಿಲ್ಲವೆಂದು ಪಟ್ಟುಹಿಡಿದರು. ರುದ್ರರು ಪ್ರಾಂಶುಪಾಲರಾದರು, ಆ ಕಾಲೇಜಿನ ಪೀಠವನ್ನೇರಿದ ಮೊದಲ ಭಾರತೀಯರು ಅವರು. 1923ರವರೆಗೆ ಅದನ್ನು ಕೀರ್ತಿಯಿಂದ ನಡೆಸಿದರು. ಆಂಡ್ರೂಸರು ಅವರ ಕೈಕೆಳಗೆ ಸಂತೋಷದಿಂದ ದುಡಿದರು. ಪರರ ಹಣವನ್ನು ಮುಟ್ಟದಿರುವುದು ಪ್ರಾಮಾಣಿಕತೆಯ ಮೊದಲ ಮೆಟ್ಟಿಲು. ಪರರಿಗೆ ಸಲ್ಲಬೇಕಾದ ಪದವಿಯನ್ನು ಮುಟ್ಟದಿರುವುದು ಅದಕ್ಕಿಂತ ಮೇಲಿನದು. ಕಚೇರಿಗಳಲ್ಲಿ ಬಡ್ತಿಯ ಪಟ್ಟಿಯನ್ನು ಕಾಯುವ ನಮ್ಮಂಥವರಿಗೆ ಇದರ ತೂಕ ಚೆನ್ನಾಗಿ ಅರ್ಥವಾಗುತ್ತದೆ.

1913ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ಭಾರತೀಯ ಕೂಲಿಗಾರರ ಸತ್ಯಾಗ್ರಹ ತೀವ್ರವಾಯಿತು. ಗೋಖಲೆಯವರು ಸಹಾಯಕ್ಕೆ ಕರೆಕೊಟ್ಟಾಗ ಆಂಡ್ರೂಸರು ತಾವು ಕೂಡಿಟ್ಟಿದ್ದ ಉಳಿತಾಯವನ್ನೆಲ್ಲ ಒಪ್ಪಿಸಿದರು. ಅಷ್ಟು ಸಾಲದೆಂದು ತಾವೇ ಹೊರಟರು. ಆಗ ತಾಯಿ ಇಂಗ್ಲೆಂಡಿನಲ್ಲಿ ಹಾಸಿಗೆ ಹಿಡಿದಿದ್ದರು. ಮಿತ್ರ ಪಿಯರ್ಸನ್ನರೊಡನೆ 1914ರ ಜನವರಿಯ ಮೊದಲಲ್ಲಿ ಡರ್ಬಾನಿನ ಹಡಗುಕಟ್ಟೆಯಲ್ಲಿ ಇಳಿದಾಗ, ತಲೆ ಬೋಳಿಸಿಕೊಂಡು ಕೂಲಿಗಳ ಒರಟು ಬಟ್ಟೆ ಉಟ್ಟು ನಿಂತಿದ್ದ ವ್ಯಕ್ತಿಯೇ ಗಾಂಧಿಯೆಂದು ಅವರಿಗೆ ಗುರುತು ಸಿಗಲಿಲ್ಲ. ತಿಳಿದ ಕೂಡಲೆ ಬಾಗಿ ಅವರ ಪಾದಗಳನ್ನು ಮುಟ್ಟಿದರು. ಬಿಳಿಯ ಪಾದ್ರಿಯೊಬ್ಬ ಕರಿಯನ ಕಾಲು ಮುಟ್ಟಿದನೆಂದು ಅಲ್ಲಿಯ ಬಿಳಿಯರ ವಲಯದಲ್ಲಿ ಗುಲ್ಲೆದ್ದಿತು. ಆಂಡ್ರೂಸರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತಾವು ನಂಬಿದ ಗುರು ಶಿಷ್ಯರ ಪಾದಗಳನ್ನು ತೊಳೆದ ಕಥೆಯನ್ನು ಅವರು ಬರಿಯ ಕಥೆಯೆಂದು ಓದಿದವರಲ್ಲ. ಗಾಂಧೀಜಿ ಮತ್ತು ಜನರಲ್ ಸ್ಮಟ್ಸ್ ನಡುವಿನ ಸಂಧಾನಕ್ಕೆ ಅವರು ನೆರವಾದರು. ಅದೇ ಜನವರಿಯಲ್ಲಿ ತಾಯಿ ತೀರಿಕೊಂಡರು. ಮಗನಿಗೆ ಕೊನೆಯ ದರ್ಶನ ದೊರೆಯಲಿಲ್ಲ. ಅಂದಿನಿಂದ ಗಾಂಧಿ ಆಂಡ್ರೂಸರಿಗೆ ಮೋಹನ್, ಆಂಡ್ರೂಸ್ ಗಾಂಧಿಗೆ ಚಾರ್ಲಿ. ಮರುವರ್ಷ, 1915ರ ಏಪ್ರಿಲಿನಲ್ಲಿ ಗಾಂಧೀಜಿ ದಿಲ್ಲಿಗೆ ಬಂದಾಗ ಇಳಿದುಕೊಂಡದ್ದು ಕಾಶ್ಮೀರಿ ಗೇಟಿನ ರುದ್ರರ ಮನೆಯಲ್ಲಿ.

ಆಂಡ್ರೂಸರ ಬಾಳಿನ ಅತ್ಯಂತ ಕಠಿನ ನಿರ್ಧಾರವೂ 1914ರದೇ. ಎರಡು ವರ್ಷ ಮೊದಲು ಲಂಡನ್ನಿನಲ್ಲಿ ರವೀಂದ್ರನಾಥ ಠಾಕೂರರ ಕಾವ್ಯವಾಚನ ಕೇಳಿದಾಗಿನಿಂದ ಅವರ ಮನಸ್ಸು ಶಾಂತಿನಿಕೇತನದ ಕಡೆ ಹರಿದಿತ್ತು. ಇತ್ತ ಚರ್ಚಿನ ವಿಧಿಯಲ್ಲಿ ಪಠಿಸಲೇಬೇಕಾಗಿದ್ದ ಒಂದು ಪ್ರಾಚೀನ ವಿಶ್ವಾಸಪ್ರಮಾಣ, ತನ್ನ ಮಾತುಗಳನ್ನು ಒಪ್ಪದವರೆಲ್ಲ ನಿತ್ಯನರಕಕ್ಕೆ ಬೀಳುವರೆಂದು ಸಾರುತ್ತಿತ್ತು. ಜಕಾವುಲ್ಲಾರನ್ನೂ ಗಾಂಧಿಯನ್ನೂ ಕಂಡಮೇಲೆ ಆ ವಾಕ್ಯಗಳನ್ನು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಅಲ್ಲವೆನ್ನುವುದು ಅವರಿಂದಾಗಲಿಲ್ಲ. ಅನೇಕ ಗುರುಗಳು ಇಂಥ ಮಾತುಗಳನ್ನು ಬಾಯಿಪಾಠವಾಗಿ ಹೇಳಿ ಮುಂದೆ ಸಾಗುತ್ತಿದ್ದರು. ಯಾವ ಮತದಲ್ಲಿ ಹಾಗೆ ಸಾಗುವವರಿಲ್ಲ? ಆಂಡ್ರೂಸರು ಮಿಶನ್ನನ್ನು ಬಿಟ್ಟರು, ಗುರುವೃತ್ತಿಯ ಆಚರಣೆಯನ್ನೂ ನಿಲ್ಲಿಸಿದರು. ವರಮಾನ ಹೋಯಿತು, ಸ್ಥಾನ ಹೋಯಿತು, ಹಳೆಯ ಗೆಳೆಯರಲ್ಲಿ ಕೆಲವರು ದೂರವಾದರು. ಆದರೆ ಕ್ರಿಸ್ತನನ್ನು ಅವರು ಬಿಡಲಿಲ್ಲ. ಇದನ್ನು ಚೆನ್ನಾಗಿ ಗಮನಿಸಬೇಕು: ಅವರು ನಂಬಿಕೆ ಕಳೆದುಕೊಂಡು ಪೀಠವನ್ನು ಬಿಟ್ಟವರಲ್ಲ, ನಂಬಿಕೆಯನ್ನು ಉಳಿಸಿಕೊಳ್ಳಲು ಪೀಠವನ್ನು ಬಿಟ್ಟವರು. ಇಪ್ಪತ್ತೆರಡು ವರ್ಷಗಳ ಮೇಲೆ, 1936ರಲ್ಲಿ, ಮನಸ್ಸು ಒಪ್ಪಿದಾಗ ಆ ಸೇವೆಯನ್ನು ಮತ್ತೆ ಕೈಗೊಂಡರು. ಹೋಗುವಾಗಲೂ ಮರೆಯಿಲ್ಲ, ಬರುವಾಗಲೂ ಮರೆಯಿಲ್ಲ.

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳು ಅವಶ್ಯ ತಿಳಿಯಬೇಕಾದದ್ದು ಇನ್ನು ಮುಂದಿನ ಭಾಗ. ದೂರದ ಶಾಂತಸಾಗರದ ಫಿಜಿ ದ್ವೀಪಗಳ ಕಬ್ಬಿನ ತೋಟಗಳಿಗೆ 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸಾಗಿಸಲಾಯಿತು. ಐದು ವರ್ಷದ ಕರಾರು. ಅಗ್ರಿಮೆಂಟ್ ಎಂಬುದು ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ಜಾತ್ರೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ದಲ್ಲಾಳಿಗಳು ಸುಳ್ಳು ಹೇಳಿ ಜನರನ್ನು ಒಲಿಸುತ್ತಿದ್ದರು. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೋಣೆಯಲ್ಲಿ ಮೂವರು ಗಂಡಸರು, ಇಲ್ಲವೆ ಒಂದು ಸಂಸಾರ. ನೂರು ಗಂಡಸರಿಗೆ ನಲವತ್ತು ಹೆಂಗಸರೆಂಬುದು ಸರ್ಕಾರವೇ ಗೊತ್ತುಮಾಡಿದ ಪ್ರಮಾಣ. ಹೀಗಿದ್ದ ಮೇಲೆ ಅಲ್ಲಿ ಸಂಸಾರಗಳು ಒಡೆದದ್ದರಲ್ಲಿ, ಕೊಲೆ ಆತ್ಮಹತ್ಯೆಗಳು ಹೆಚ್ಚಿದ್ದರಲ್ಲಿ ಆಶ್ಚರ್ಯವೇನು?

1915ರಲ್ಲಿ ಆಂಡ್ರೂಸರಿಗೆ ಕಾಲರಾ ತಗಲಿ ಬದುಕಿದ್ದೇ ಹೆಚ್ಚಾಗಿತ್ತು. ಚೇತರಿಸಿಕೊಂಡು ಅದೇ ವರ್ಷ ಪಿಯರ್ಸನ್ನರೊಡನೆ ಫಿಜಿಗೆ ಹೋಗಿ ಕೂಲಿ ಲೈನುಗಳಲ್ಲಿ ತಿರುಗಿದರು. ಅವರಿಬ್ಬರ ವರದಿ 1916ರಲ್ಲಿ ಹೊರಬಿತ್ತು. ಕೂಲಿಗಳು ನೀತಿಗೆಟ್ಟವರೆಂದು ಬೈಯುವುದು ಸುಲಭವಾಗಿತ್ತು. ಅವರಿಗೆ ಉಪದೇಶ ಮಾಡಿ ಹಿಂದಿರುಗುವುದು ಪಾದ್ರಿಗೆ ಇನ್ನೂ ಸುಲಭವಾಗಿತ್ತು. ಆದರೆ ಮನುಷ್ಯನು ನೀತಿವಂತನಾಗಿ ಬಾಳಲು ಎಡೆಯನ್ನೇ ಕೊಡದ ವ್ಯವಸ್ಥೆಯನ್ನು ಹಾಗೆಯೇ ಬಿಟ್ಟು, ನೀತಿಯನ್ನು ಬೋಧಿಸುವುದು ಕಪಟವೆಂದು ಆಂಡ್ರೂಸರು ಕಂಡರು. ತಪ್ಪು ಕರಾರಿನದು, ಕಾನೂನಿನದು, ಲಾಭ ತಿನ್ನುವ ಕಂಪೆನಿಯದು ಎಂದು ತೋರಿಸಿದರು. ಅವರ ವರದಿ ಅಲ್ಲಿಯ ಹೆಂಗಸರ ವಿಷಯದಲ್ಲಿ ಕಠೋರವಾಯಿತೆಂದು ಈಚಿನ ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೂ ಫಲ ಕಣ್ಣಮುಂದಿದೆ. 1916ರ ಮಾರ್ಚಿನಲ್ಲಿ ಮಾಳವೀಯರು ಶಾಸನಸಭೆಯಲ್ಲಿ ಗೊತ್ತುವಳಿ ತಂದರು. ವೈಸರಾಯ್ ಹಾರ್ಡಿಂಜರು ಈ ಪದ್ಧತಿಯನ್ನು ನಿಲ್ಲಿಸುವ ಭರವಸೆಯಿತ್ತರು. 1917ರಲ್ಲಿ ಕೂಲಿಗಳ ಸೇರ್ಪಡೆ ನಿಂತಿತು. ಆಂಡ್ರೂಸರು ಅಷ್ಟಕ್ಕೆ ತೃಪ್ತರಾಗದೆ ಅದೇ ವರ್ಷ ಮತ್ತೆ ಫಿಜಿಗೆ ಹೋದರು. 1920ರ ಜನವರಿ 1ರಂದು ಅಲ್ಲಿ ಉಳಿದಿದ್ದ ಕರಾರುಗಳೆಲ್ಲ ರದ್ದಾದವು. ದೀನಬಂಧುವೆಂಬ ಬಿರುದು ಅವರಿಗೆ ಬಂದದ್ದು ಇಂಥ ಸೇವೆಯಿಂದ. ಯಾವ ಸರ್ಕಾರವೂ ಕೊಟ್ಟದ್ದಲ್ಲ.

ಸ್ವಜನರ ಎದುರು ನಿಲ್ಲುವ ಧೈರ್ಯವೂ ಅವರಿಗೆ ಕಡಮೆಯಿರಲಿಲ್ಲ. 1919ರಲ್ಲಿ ಜಲಿಯನ್‌ವಾಲಾಬಾಗಿನ ಹತ್ಯಾಕಾಂಡದ ತರುವಾಯ ಪಂಜಾಬಿಗೆ ಹೋಗಲೆತ್ನಿಸಿದಾಗ ಮಿಲಿಟರಿ ಅಧಿಕಾರಿಗಳು ಅವರನ್ನು ಹಿಡಿದು ಹಿಂದಕ್ಕೆ ಕಳುಹಿಸಿದರು. ನಿಷೇಧ ತೊಲಗಿದ ಮೇಲೆ ಮತ್ತೆ ಹೋಗಿ, ಹಳ್ಳಿಹಳ್ಳಿ ತಿರುಗಿ ಸಂಗತಿಗಳನ್ನು ಸಂಗ್ರಹಿಸಿದರು. ಆಂಗ್ಲನಾಗಿ ನೊಂದವರ ಕ್ಷಮೆ ಬೇಡಿದರು. ಕೀನ್ಯಾದಲ್ಲಿ ಭಾರತೀಯರ ಪಕ್ಷ ವಹಿಸಿದ್ದಕ್ಕಾಗಿ ರೈಲಿನಲ್ಲಿ ಬಿಳಿಯ ವಲಸೆಗಾರರು ಅವರ ಮೇಲೆ ಕೈಮಾಡಿದರು. 1921ರಲ್ಲಿ ಚಾಂದಪುರದಲ್ಲಿ ಅಸ್ಸಾಮಿನ ಚಹತೋಟಗಳನ್ನು ಬಿಟ್ಟು ಬಂದ ಕೂಲಿಗಳ ಗುಂಪಿನಲ್ಲಿ ಕಾಲರಾ ಹಬ್ಬಿದಾಗ ರೋಗಿಗಳ ನಡುವೆ ನಿಂತು ಶುಶ್ರೂಷೆ ಮಾಡಿದರು. ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು 1925ರಲ್ಲಿಯೂ 1927ರಲ್ಲಿಯೂ ಕಾರ್ಮಿಕರು ಅವರಿಗೇ ವಹಿಸಿದರು.

ಹಾಗೆಂದು ಅವರು ಭಾರತೀಯ ನಾಯಕರ ಮಾತಿಗೆಲ್ಲ ತಲೆಯಾಡಿಸುವವರೂ ಆಗಿರಲಿಲ್ಲ. 1918ರಲ್ಲಿ ಗಾಂಧೀಜಿ ಯುದ್ಧಕ್ಕೆ ಸೈನಿಕರನ್ನು ಸೇರಿಸಹೊರಟಾಗ, ಅಹಿಂಸೆಗೆ ಇದು ಒಪ್ಪದೆಂದು ಬರೆದು ವಿರೋಧಿಸಿದರು. 1921ರಲ್ಲಿ ವಿದೇಶಿ ಬಟ್ಟೆಯ ಹೋಳಿ ಹೊತ್ತಿದಾಗ, ತಾವು ಖಾದಿ ಉಡುತ್ತಲೇ ಆ ಸುಡುವಿಕೆಯನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಸರ್ಕಾರ ಅವರನ್ನು ರಾಜದ್ರೋಹಿಯೆಂದು ಶಂಕಿಸಿತು. ದೇಶಾಭಿಮಾನಿಗಳಲ್ಲಿ ಕೆಲವರು ಸರ್ಕಾರದ ಗೂಢಚಾರನೆಂದು ಶಂಕಿಸಿದರು. ಚರ್ಚಿನವರು ಅರ್ಧ ಹಿಂದುವಾದನೆಂದು ಗೊಣಗಿದರು. ಮೂರು ಕಡೆಯಿಂದಲೂ ಸಂಶಯಕ್ಕೆ ಗುರಿಯಾಗಿ ಯಾರನ್ನೂ ದ್ವೇಷಿಸದೆ ನಡೆಯುವುದು ಸಾಮಾನ್ಯ ಸಾಧನೆಯಲ್ಲ.

1924ರ ಸೆಪ್ಟೆಂಬರಿನಲ್ಲಿ ಹಿಂದು ಮುಸ್ಲಿಂ ಗಲಭೆಗಳಿಂದ ಮನನೊಂದು ಗಾಂಧೀಜಿ ಇದೇ ದಿಲ್ಲಿಯಲ್ಲಿ 21 ದಿನಗಳ ಉಪವಾಸ ಕೈಗೊಂಡರು. ಮುಹಮ್ಮದ್ ಅಲಿಯವರ ಮನೆಯಲ್ಲಿ ಆರಂಭವಾದ ಆ ವ್ರತದ ದಿನಗಳಲ್ಲಿ ಹಾಸಿಗೆಯ ಬಳಿ ಕಾವಲಿದ್ದು ಆರೈಕೆ ಮಾಡಿದವರು ಆಂಡ್ರೂಸರು. ಗಾಂಧೀಜಿಯ ಪತ್ರಿಕೆಯನ್ನೂ ಅವರೇ ನೋಡಿಕೊಂಡರು. ಅಕ್ಟೋಬರ್ 8ರಂದು ಉಪವಾಸ ಮುಗಿದಾಗ ಆಂಡ್ರೂಸರು ಕ್ರಿಸ್ತನ ಶಿಲುಬೆಯ ಸ್ತೋತ್ರವೊಂದನ್ನು ಹಾಡಿದರು. ಹಾಗೆ ಚೇತರಿಸಿಕೊಂಡ ಗಾಂಧೀಜಿಯೇ ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಹುಯಿಲಗೋಳ ನಾರಾಯಣರಾಯರ ಏಕೀಕರಣದ ಗೀತೆ ಮೊಳಗಿದ್ದು ಆ ಅಧಿವೇಶನದಲ್ಲಿಯೇ. ನವೆಂಬರ್ 1ರ ಹಬ್ಬವನ್ನು ಆಚರಿಸುವ ನಮಗೆ ಈ ದಿಲ್ಲಿಯ ಆರೈಕೆಯ ದಿನಗಳೂ ಹೀಗೆ ಹತ್ತಿರದವೇ.

ಆಂಡ್ರೂಸರಲ್ಲಿ ಲೋಪಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಅವರು ಆತುರದ ಮನುಷ್ಯರು. ಸಾಮಾನುಗಳನ್ನು ಮರೆಯುವುದು ಅಭ್ಯಾಸ. ಕೈಗೆ ಬಂದದ್ದು ಕೇಳಿದವರ ಪಾಲಾಗುತ್ತಿತ್ತು. ಎಲ್ಲರನ್ನೂ ನಂಬುವ ಸ್ವಭಾವದಿಂದ ಮೋಸಕ್ಕೂ ಒಳಗಾಗುತ್ತಿದ್ದರು. ಕೊನೆಯವರೆಗೂ ಅವಿವಾಹಿತರಾಗಿ ಉಳಿದರು, ಮನೆಯಿಲ್ಲ, ಆಸ್ತಿಯಿಲ್ಲ. 1940ರ ಏಪ್ರಿಲ್ 5ರಂದು ಕಲ್ಕತ್ತೆಯಲ್ಲಿ ಶಸ್ತ್ರಚಿಕಿತ್ಸೆಯ ತರುವಾಯ ದೇಹವನ್ನು ಬಿಟ್ಟರು. ಅಲ್ಲಿಯ ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 1971ರಲ್ಲಿ, ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತ ಸರ್ಕಾರ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ನಮ್ಮ ಜನ ಶುದ್ಧಿಯೆಂದರೆ ಮಡಿಯೆಂದು ತಿಳಿಯುವುದುಂಟು: ಯಾರನ್ನೂ ಮುಟ್ಟದೆ, ಯಾವುದಕ್ಕೂ ತಗಲದೆ ದೂರ ನಿಲ್ಲುವುದು. ಆಂಡ್ರೂಸರ ಶುದ್ಧಿ ಅದಕ್ಕೆ ನೇರ ವಿರುದ್ಧವಾದದ್ದು. ಅವರು ಕೂಲಿಯ ಲೈನನ್ನೂ ಕಾಲರಾದ ಹಾಸಿಗೆಯನ್ನೂ ಮುಟ್ಟಿದರು. ಮುಟ್ಟದೆ ಬಿಟ್ಟದ್ದು ಪರರಿಗೆ ಸಲ್ಲುವ ಪದವಿಯನ್ನು, ನಂಬದ ಮಾತನ್ನು, ತಮ್ಮವರೆಂಬ ಕಾರಣಕ್ಕೆ ಅನ್ಯಾಯವನ್ನು ಸಮರ್ಥಿಸುವ ಮೋಹವನ್ನು. ಬ್ಯಾಂಕಿನಲ್ಲಿ ಸಂಜೆಯಾದರೆ ಪುಸ್ತಕದ ಲೆಕ್ಕವೂ ಪೆಟ್ಟಿಗೆಯ ನಗದೂ ತಾಳೆಯಾಗಲೇಬೇಕು. ಆಗದಿದ್ದರೆ ಮನೆಗೆ ಹೋಗುವಂತಿಲ್ಲ. ಧರ್ಮದ, ಸಂಘದ, ಸಮಾಜದ ಮುಂದಾಳುಗಳಾದವರ ನುಡಿಗೂ ನಡೆಗೂ ಅಂಥ ತಾಳೆ ಬೇಕು. ಆಂಡ್ರೂಸರು ತಾಳೆಯಾಗದ ದಿನ ನುಡಿಯನ್ನು ತಿದ್ದಿ ಬರೆದು ಸರಿತೂಗಿಸಲಿಲ್ಲ. ತಮ್ಮ ಬಾಳನ್ನೇ ತಿದ್ದಿಕೊಂಡರು.

ಪರಸ್ಥಳದಿಂದ ಬಂದವರು ಈ ನಗರಕ್ಕೆ ಏನನ್ನು ಕೊಡಬಲ್ಲರೆಂಬುದಕ್ಕೂ ಅವರೊಂದು ನಿದರ್ಶನ. ಇಂಗ್ಲಿಷ್‌ತನವನ್ನೂ ಕ್ರೈಸ್ತತನವನ್ನೂ ಬಿಡದೆಯೇ ಅವರು ದಿಲ್ಲಿಯವರಾದರು. ಕನ್ನಡತನವನ್ನು ಬಿಡದೆ ನಾವೂ ದಿಲ್ಲಿ, ನೋಯಿಡಾ, ಗುರುಗ್ರಾಮಗಳ ಬಾಳಿಗೆ ಉಪಯುಕ್ತರಾಗಬಹುದು. ಸೇಂಟ್ ಸ್ಟೀಫನ್ಸ್ ಕಾಲೇಜು 1941ರಲ್ಲಿ ವಿಶ್ವವಿದ್ಯಾಲಯದ ಆವರಣಕ್ಕೆ ತೆರಳಿತು. ಆದರೆ ಕಾಶ್ಮೀರಿ ಗೇಟಿನ ಹಳೆಯ ಕಟ್ಟಡ ಇನ್ನೂ ನಿಂತಿದೆ, ಚುನಾವಣಾ ಇಲಾಖೆಯ ಕಚೇರಿ ಅಲ್ಲಿ ನಡೆಯುತ್ತ ಬಂದಿದೆ. ನಮ್ಮ ವಾಚಕ ಬಂಧುಗಳು ಚಳಿಗಾಲದ ಒಂದು ರಜೆಯ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಭಾರತೀಯನ ಕೈಕೆಳಗೆ ದುಡಿಯುವುದೇ ತನಗೆ ಗೌರವವೆಂದ ಆಂಗ್ಲನ ಕಥೆಯನ್ನು ಕನ್ನಡದಲ್ಲಿ ಹೇಳಿದರೆ, ಈ ನಮ್ಮ ಅಲ್ಪ ಪ್ರಯತ್ನ ಸಾರ್ಥಕವಾಗುವುದು.